ಸಾವಿರದ ಹದಿಮೂರರ ನಿರ್ವಾತ

ಫ್ಲಾಸ್ಕ್ ಕಾರ್ಖಾನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ದಶಾಂಶ ಎನ್ನುತ್ತಿದ್ದರು. ಅದಕ್ಕೆ ಕಾರಣ ಅವನೇ. ಊರೆಲ್ಲ ಏಳೂವರೆಗೆ ಬರುತ್ತೇನೆ ಎನ್ನುವಾಗ ಅವನು ಏಳು ಪಾಯಿಂಟ್ ಐದಕ್ಕೆ ಬರುತ್ತೇನೆ ಎನ್ನುತ್ತಿದ್ದ. ಒಮ್ಮೆ ಯಾರೋ ಅವನ ಅತ್ತೆಯ ವಯಸ್ಸು ವಿಚಾರಿಸಿದಾಗ, ಅತ್ತೆಯ ಎದುರಿಗೇ ಅರವತ್ತೆಂಟು ಪಾಯಿಂಟ್ ಎರಡು ಐದು ಎಂದುಬಿಟ್ಟ. ಅತ್ತೆ ಮೂರು ದಿನ ಮಾತು ಬಿಟ್ಟರು. ಅವನ ಲೆಕ್ಕದಲ್ಲಿ ಅದು ಎರಡು ಪಾಯಿಂಟ್ ಎಂಟು ದಿನ.

ಅವನ ಕೆಲಸ ಗಂಟೆಗೊಮ್ಮೆ ಮೀಟರ್ ನೋಡಿ ಅಲ್ಲಿದ್ದ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಯುವುದು. ಫ್ಲಾಸ್ಕ್ ಎಂದರೆ ಒಂದರೊಳಗೊಂದು ಕೂರಿಸಿದ ಎರಡು ಪಾತ್ರೆ. ಅವೆರಡರ ನಡುವೆ ಗಾಳಿ ಇರಕೂಡದು. ಇದ್ದರೆ ಒಳಗಿನ ಬಿಸಿ ಮೆಲ್ಲಗೆ ಹೊರಗೆ ನಡೆದುಬಿಡುತ್ತದೆ. ಆದ್ದರಿಂದ ನಲವತ್ತು ಫ್ಲಾಸ್ಕುಗಳನ್ನು ಒಂದು ದೊಡ್ಡ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಬಾಗಿಲು ಬಿಗಿದು, ಪಂಪಿನಿಂದ ಗಾಳಿಯನ್ನೆಲ್ಲ ಹೀರಿ, ಪೆಟ್ಟಿಗೆ ಬರಿದಾಗಿರುವಾಗಲೇ ಪ್ರತಿ ಫ್ಲಾಸ್ಕಿನ ತಳದಲ್ಲಿರುವ ಸಣ್ಣ ತೂತನ್ನು ಬೆಸೆಯುತ್ತಿದ್ದರು. ಪೆಟ್ಟಿಗೆಯ ನೆತ್ತಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಹಳೆಯ ಮೀಟರ್ ಇತ್ತು. ಬಾಗಿಲು ತೆರೆದಿರುವಾಗ ಅದರ ಮುಳ್ಳು ಸೊನ್ನೆಯಲ್ಲಿರುತ್ತಿತ್ತು. ಗಾಳಿ ಹೊರಬಿದ್ದಂತೆ ಏರುತ್ತ ಏರುತ್ತ ಏಳುನೂರ ಅರವತ್ತಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಏಳುನೂರ ಅರವತ್ತು ಮಿಲಿಮೀಟರ್ ಪಾದರಸ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಿಯಮ ಬರೆದಿತ್ತು: "760 ಮುಟ್ಟಬೇಕು. ಮುಟ್ಟಿದ ಮೇಲೆ ಒಂದು ಗಂಟೆ ಪಂಪು ಓಡಬೇಕು. ಆಮೇಲೆ ಬೆಸುಗೆ."

ದಶಾಂಶ ಹದಿನಾಲ್ಕು ವರ್ಷ 760 ಎಂದು ಬರೆದ. ಅದರ ಮುಂದೆ ಒಂದು ಬಿಂದು ಇಡುವ ಅವಕಾಶವೂ ಅವನಿಗೆ ಸಿಗಲಿಲ್ಲ. ಸಂಖ್ಯೆ ನೋಡುವುದು ಅವನ ಕೆಲಸವಾಗಿತ್ತು. ಅದು ಯಾವುದರ ಸಂಖ್ಯೆ ಎಂದು ಕೇಳುವುದು ಆ ಕಾರ್ಖಾನೆಯಲ್ಲಿ ಯಾರ ಕೆಲಸವೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಹಳೆಯ ಮೀಟರಿನ ಮುಳ್ಳು ಕಳಚಿ ಬಿತ್ತು. ಹೊಸ ಮೀಟರ್ ಹಡಗಿನಲ್ಲಿ ಬಂತು. ಟಿಫಿನ್ ಡಬ್ಬಿಯಷ್ಟು ಪುಟ್ಟದು. ಮುಳ್ಳಿಲ್ಲ, ಬೆಳಗುವ ಅಂಕಿಗಳು ಮಾತ್ರ. ಜೊತೆಗಿದ್ದ ಪುಸ್ತಕ ಹನ್ನೊಂದು ಭಾಷೆಗಳಲ್ಲಿತ್ತು, ಹನ್ನೊಂದರಲ್ಲಿ ಒಂದೂ ಕಾರ್ಖಾನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೀಟರಿನ ಮುಖದ ಮೇಲೆ ಮಿಲಿಬಾರ್ ಎಂದು ಬರೆದಿರುವುದನ್ನು ಮಾತ್ರ ಎಲ್ಲರೂ ಕೂಡಿ ಓದಿದರು.

ಮ್ಯಾನೇಜರ್ ಸಭೆ ಕರೆದರು. ತಮಗೆ ಗೊತ್ತಿಲ್ಲದ ವಿಷಯವನ್ನು ತೀರಾ ಚಿಕ್ಕದೆಂಬಂತೆ ಮಾತಾಡುವುದರಲ್ಲಿ ಅವರು ಪಳಗಿದವರು.

"ನೋಡ್ರಪ್ಪ, ದೊಡ್ಡ ವಿಷಯ ಏನಲ್ಲ. ಹಳೇದು ಪಾದರಸದ ಲೆಕ್ಕ, ಹೊಸದು ಬಾರ್ ಲೆಕ್ಕ. ಅದನ್ನ ಇದಕ್ಕೆ ತಿರುಗಿಸ್ಬೇಕು. ಯಾರಿಗೆ ಬರುತ್ತೆ?"

ಎಲ್ಲರೂ ಪಕ್ಕದವನ ಕಡೆ ನೋಡಿದರು. ಮ್ಯಾನೇಜರ್ ಚಾವಣಿ ನೋಡುತ್ತ ಹೇಳಿದರು: "ಸೆಕ್ಷನ್ ಮುಖ್ಯಸ್ಥರ ಕುರ್ಚಿ ಆರು ತಿಂಗಳಿಂದ ಖಾಲಿ ಇದೆ. ಕುರ್ಚಿ ಜೊತೆ ಮನೆನೂ ಇದೆ. ಸುಮ್ನೆ ನೆನಪಿಗೆ ಬಂತು, ಹೇಳ್ದೆ."

ದಶಾಂಶನ ಕೈ ಅವನನ್ನು ಕೇಳದೆ ಮೇಲಕ್ಕೆ ಹೋಯಿತು.

ಆ ಮನೆಯ ವಿಷಯ ಹೇಳಲೇಬೇಕು. ದಶಾಂಶ, ಅವನ ಹೆಂಡತಿ ಮತ್ತು ಅತ್ತೆ ವಾಸವಾಗಿದ್ದದ್ದು ಒಂದೇ ಕೋಣೆಯಲ್ಲಿ. ಕೋಣೆಯ ನಡುವೆ ಒಂದು ಬೀರು ಅಡ್ಡ ನಿಲ್ಲಿಸಿ ಆಚೆಯದು ಅತ್ತೆಯದು, ಈಚೆಯದು ನಮ್ಮದು ಎಂದು ವ್ಯವಸ್ಥೆ ಮಾಡಿಕೊಂಡಿದ್ದರು. ಬೀರುವಿಗೆ ನೋಟ ತಡೆಯುವ ಶಕ್ತಿ ಇತ್ತು, ಮಾತು ತಡೆಯುವ ಶಕ್ತಿ ಇರಲಿಲ್ಲ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಗಂಡಹೆಂಡತಿ ಆಡಿಕೊಂಡ ಪ್ರತಿಯೊಂದು ಮಾತಿಗೂ ಬೀರುವಿನ ಹಿಂದಿನಿಂದ ಮೂರನೆಯ ಅಭಿಪ್ರಾಯವೊಂದು ಬಂದಿತ್ತು. ಮುಖ್ಯಸ್ಥರ ಮನೆಯಲ್ಲಿ ಎರಡು ಕೋಣೆ. ನಡುವೆ ಗೋಡೆ. ಗೋಡೆಗೆ ಬಾಗಿಲು, ಬಾಗಿಲಿಗೆ ಚಿಲಕ.

"ಕೈ ಎತ್ತಿದೆ," ಎಂದು ಅವನು ಮನೆಗೆ ಬಂದು ಹೇಳಿದ.

"ನಿಮಗೆ ಬರುತ್ತಾ ಅದು?" ಎಂದಳು ಹೆಂಡತಿ.

"ಗುಣಾಕಾರ ತಾನೆ."

"ಚಿಲಕ ಗಟ್ಟಿ ಇದ್ಯಾ ನೋಡಿದ್ರಾ?" ಎಂದು ಬೀರು ಕೇಳಿತು. "ನಂಗೇನೂ ಇಲ್ಲಪ್ಪ. ಕಳ್ಳರ ಕಾಲ ಅಂತ ಹೇಳ್ದೆ."

ಮರುದಿನವೇ ಹೆಂಡತಿ ಕಾವಲುಗಾರನನ್ನು ಒಪ್ಪಿಸಿ ಆ ಖಾಲಿ ಮನೆಯೊಳಗೆ ಹೋಗಿ ಬಂದಳು. ಪರದೆ ಹೊಲಿಯಲೆಂದು ಕಿಟಕಿಗೆ ಒಂದು ದಾರ ಹಿಡಿದು, ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು ಹಾಕಿಕೊಂಡು ಬಂದಿದ್ದಳು.

"ಇದೇನು ದಾರ?" ಎಂದ ದಶಾಂಶ. "ಇಂಚಲ್ಲಿ ಅಳೆದು ತಂದಿದ್ರೆ ನಾನು ಸೆಂಟಿಮೀಟರಿಗೆ ತಿರುಗಿಸಿ ಕೊಡ್ತಿದ್ದೆ. ಅಂಗಡಿಯವನ ಮುಂದೆ ದಾರ ಹಿಡ್ಕೊಂಡು ನಿಂತ್ರೆ ಏನಂದ್ಕೋತಾನೆ?"

"ಬಟ್ಟೆ ಕೊಡ್ತಾನೆ," ಎಂದಳು ಅವಳು.

ಆ ಸಂಜೆ ಅವನು ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರನ್ನು ಕರೆದುಕೊಂಡು ಬಂದ. ನಿವೃತ್ತಿಯಾದಾಗಿನಿಂದ ಯಾರೂ ಒಂದು ಲೆಕ್ಕ ಕೊಟ್ಟಿರದ ಆ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಪೆನ್ಸಿಲ್ ಹಿಡಿದುಕೊಂಡು ಬಂದರು. ಒಂದು ಮಿಲಿಮೀಟರ್ ಪಾದರಸಕ್ಕೆ ಒಂದು ಪಾಯಿಂಟ್ ಮೂರು ಮೂರು ಮೂರು ಮಿಲಿಬಾರ್ ಎಂಬುದು ದಶಾಂಶನ ಡೈರಿಯ ಕೊನೆಯ ಪುಟದಲ್ಲಿ ಅಚ್ಚಾಗಿತ್ತು. ಮೇಷ್ಟ್ರು ಏಳುನೂರ ಅರವತ್ತನ್ನು ಅದರಿಂದ ಗುಣಿಸಿದರು. ಎಡದಿಂದ ಗುಣಿಸಿದರು, ಬಲದಿಂದ ಗುಣಿಸಿದರು, ಉತ್ತರವನ್ನು ಭಾಗಿಸಿ ಹಿಂದಕ್ಕೆ ಬಂದರು.

"ಸಾವಿರದ ಹದಿಮೂರು ಪಾಯಿಂಟ್ ಸೊನ್ನೆ ಎಂಟು," ಎಂದು ಕನ್ನಡಕ ತೆಗೆದರು. "ಈ ಉತ್ತರವನ್ನ ಯಾರೂ ಅಲ್ಲಾಡ್ಸೋಕಾಗಲ್ಲ."

"ಅಳಿಯಂದ್ರೇ," ಎಂದರು ಅತ್ತೆ ಬೀರುವಿನ ಹಿಂದಿನಿಂದ.

"ಏನತ್ತೆ?"

"ನಮ್ಮನೆಯವರು ಎಣ್ಣೆ ಅಂಗಡಿ ಇಟ್ಟಿದ್ರಲ್ಲ, ಆಗ ಪೀಪಾಯಿಗೆ ಕಡ್ಡಿ ಇಳಿಬಿಟ್ಟು ನೋಡೋರು. ಕಡ್ಡಿ ಒದ್ದೆ ಆಗಿದ್ದು ಎಷ್ಟೋ ಅಷ್ಟು ಎಣ್ಣೆ ಉಳಿದಿದೆ, ಒಣಗಿದ್ದು ಎಷ್ಟೋ ಅಷ್ಟು ಖರ್ಚಾಗಿದೆ. ಒಂದೇ ಕಡ್ಡಿ. ನಿಮ್ಮ ಹೊಸ ಮೀಟರು ಒದ್ದೆ ಕಡೆ ಓದುತ್ತೋ, ಒಣ ಕಡೆ ಓದುತ್ತೋ?"

ಅಳಿಯನೂ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಅಮ್ಮಾ, ಇದು ಗಾಳಿ. ಎಣ್ಣೆ ಅಲ್ಲ," ಎಂದರು ಮೇಷ್ಟ್ರು. ಮುಂದಿನ ಮೂರು ತಿಂಗಳ ಎಲ್ಲ ಅನಾಹುತವೂ ಆ ನಗುವಿನೊಳಗೆ ಅಡಗಿತ್ತು. ಹೊಸ ಮೀಟರ್ ಒದ್ದೆ ಕಡೆ ಓದುತ್ತಿತ್ತು. ಹಳೆಯದು ಎಷ್ಟು ಗಾಳಿ ಹೊರಗೆ ಹೋಯಿತು ಎಂದು ಎಣಿಸಿದರೆ, ಹೊಸದು ಎಷ್ಟು ಗಾಳಿ ಒಳಗೆ ಉಳಿದಿದೆ ಎಂದು ಎಣಿಸುತ್ತಿತ್ತು. ಆದರೆ ಇದನ್ನು ಹೇಳಬೇಕಾದ ಪುಸ್ತಕ ಹನ್ನೊಂದು ಭಾಷೆಗಳಲ್ಲಿ ಬಾಯಿ ಮುಚ್ಚಿಕೊಂಡಿತ್ತು.

ಗೋಡೆಯ ಕೆಂಪು ಬರಹಕ್ಕೆ ಸುಣ್ಣ ಬಳಿದು, "1013 ಮುಟ್ಟಬೇಕು" ಎಂದು ಹೊಸದಾಗಿ ಬರೆಸಿದರು. ಹೊಸ ಮೀಟರನ್ನು ಪೆಟ್ಟಿಗೆಯ ನೆತ್ತಿಗೆ ಜೋಡಿಸಿ, ಮ್ಯಾನೇಜರ್ ತಾವೇ ಸ್ವಿಚ್ ಒತ್ತಿದರು. ಪೆಟ್ಟಿಗೆಯ ಬಾಗಿಲು ಇನ್ನೂ ಹಾರು ಹೊಡೆದಿತ್ತು. ಪಂಪು ಶುರುವಾಗಿರಲಿಲ್ಲ. ಅಂಕಿಗಳು ಒಮ್ಮೆ ಮಿಟುಕಿ ನಿಂತವು: 1013.

ಶೆಡ್ಡಿನಲ್ಲಿ ಗುಸುಗುಸು ಎದ್ದಿತು, ಆಮೇಲೆ ಚಪ್ಪಾಳೆ.

"ಹಳೇದು ಇಲ್ಲಿಗೆ ಬರೋಕೆ ಎರಡು ಗಂಟೆ ತಗೋತಿತ್ತು," ಎಂದರು ಮ್ಯಾನೇಜರ್. "ಇದಕ್ಕೇ ಹೊರಗಿನ ಮಾಲು ಅನ್ನೋದು."

ನಿಯಮಕ್ಕೆ ತಕ್ಕಂತೆ ಬಾಗಿಲು ಬಿಗಿದು ಪಂಪು ಹಾಕಿದರು. ಪಂಪು ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ, ಪಂಪ್ ಮೇಸ್ತ್ರಿ ಎಂದು ಕರೆಯುತ್ತಿದ್ದರು. ವರ್ಷಕ್ಕೆ ಹತ್ತು ವಾಕ್ಯ ಆಡುವ ಜನ. ಅದರಲ್ಲೂ ನಾಲ್ಕು ಪಂಪಿನ ಜೊತೆ. ಅವನು ಮೀಟರನ್ನು ಯಾವತ್ತೂ ನೋಡಿದವನಲ್ಲ. ಗಾಳಿ ಇರುವಾಗ ಪಂಪು ಗೊರಗೊರ ಎನ್ನುತ್ತದೆ, ಗಾಳಿ ಮುಗಿದಾಗ ಒಣಗಿದ ದನಿಯಲ್ಲಿ ಟಕಟಕ ಎನ್ನುತ್ತದೆ. ಅವನಿಗೆ ಅಷ್ಟು ಸಾಕಾಗಿತ್ತು.

ಪಂಪು ಗೊರಗೊರ ಎಂದಿತು. ಮೀಟರ್ ಇಳಿಯತೊಡಗಿತು. ಒಂಬೈನೂರು. ಏಳುನೂರು. ನಾಲ್ಕುನೂರು.

"ನಿಲ್ಸಿ, ನಿಲ್ಸಿ," ಎಂದ ದಶಾಂಶ. "ನಿರ್ವಾತ ಸೋರ್ತಾ ಇದೆ."

"ಎಲ್ಲಿಂದ?" ಎಂದರು ಮ್ಯಾನೇಜರ್.

"ಪಂಪಿನಿಂದ ಸರ್. ಪಂಪು ಶುರುವಾಗೋ ತನಕ ಸರಿಯಾಗೇ ಇತ್ತು."

ಪಂಪು ನಿಲ್ಲಿಸಿ ಕವಾಟ ತೆರೆದರು. ಹೊರಗಿನ ಗಾಳಿ ಬುಸ್ಸೆಂದು ಒಳನುಗ್ಗಿತು. ಮೀಟರ್ ಮತ್ತೆ 1013ಕ್ಕೆ ಏರಿತು. ಎಲ್ಲರ ಎದೆಯೂ ತಣ್ಣಗಾಯಿತು. ಇಷ್ಟು ವರ್ಷ ಪಂಪೇ ನಿರ್ವಾತವನ್ನು ಹಾಳು ಮಾಡುತ್ತಿತ್ತಲ್ಲ ಎಂದು ಮ್ಯಾನೇಜರ್ ನೊಂದುಕೊಂಡರು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ದಶಾಂಶನ ಪಕ್ಕಕ್ಕೆ ಬಂದ. ಆ ವರ್ಷದ ಎರಡು ವಾಕ್ಯಗಳನ್ನು ಅಲ್ಲೇ ಖರ್ಚು ಮಾಡಿದ.

"ತಮ್ಮಾ, ಟಕಟಕ ಬಂದಿಲ್ಲ. ಟಕಟಕ ಬರದೆ ಒಳಗೆ ಖಾಲಿ ಆಗಲ್ಲ."

"ಮೇಸ್ತ್ರಿ, ಟಕಟಕಕ್ಕೆ ಮಿಲಿಬಾರಲ್ಲಿ ಎಷ್ಟು ಅಂತ ಹೇಳಿ, ಬರ್ಕೊಳ್ತೀನಿ," ಎಂದ ದಶಾಂಶ. ಸುತ್ತ ನಿಂತವರು ನಕ್ಕರು. ಮೇಸ್ತ್ರಿ ಅವನ ಮುಖವನ್ನು ಒಂದು ಕ್ಷಣ ನೋಡಿ ಪಂಪಿನ ಪಕ್ಕ ಹೋಗಿ ಕುಳಿತ. ಅಂದಿನಿಂದ ಅವನಿಗೂ ಪಂಪಿಗೂ ಕೆಲಸವಿರಲಿಲ್ಲ. ಅವನು ದಿನವೂ ಬಂದು ಅದನ್ನು ಒರೆಸಿ, ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ಸಂಜೆಯ ತನಕ ಕುಳಿತಿರುತ್ತಿದ್ದ. ಮೂವತ್ತು ವರ್ಷ ಸದ್ದು ಮಾಡಿದ ಶೆಡ್ಡು ಸದ್ದಿಲ್ಲದೆ ಬಿದ್ದುಕೊಂಡಿತು. ಮೊದಲ ವಾರ ಜನ ಅಭ್ಯಾಸಬಲದಿಂದ ಕೂಗಿಯೇ ಮಾತಾಡುತ್ತಿದ್ದರು. ಆಮೇಲೆ ತಮ್ಮ ದನಿಗೆ ತಾವೇ ನಾಚಿಕೊಂಡು ಪಿಸುಗುಟ್ಟತೊಡಗಿದರು.

ಪಂಪಿಗಾಗಿ ಕಾಯುವುದು ತಪ್ಪಿದ್ದರಿಂದ ಉತ್ಪಾದನೆ ಮೂರು ಪಟ್ಟಾಯಿತು. ಈ ಕೀರ್ತಿ ಅಳತೆ ಇಲಾಖೆಯ ತನಕ ಹೋಗಿ, ಒಬ್ಬ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಸರ್ಕಾರಿ ಮೀಟರನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದರು. ಅದನ್ನು ಹೊಸ ಮೀಟರಿನ ಪಕ್ಕದಲ್ಲಿಟ್ಟರು. ಅದೂ 1013 ಎಂದಿತು.

"ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ," ಎಂದರು ಇನ್ಸ್‌ಪೆಕ್ಟರ್. ಕೈಯಲ್ಲಿ ಮೀಟರ್ ಹಿಡಿದೇ ಅವರು ಕಾರ್ಖಾನೆ ಸುತ್ತಿದರು. ಪ್ಯಾಕಿಂಗ್ ಕೋಣೆಯಲ್ಲಿ 1013. ಕ್ಯಾಂಟೀನಿನಲ್ಲಿ 1013. ಸೈಕಲ್ ನಿಲ್ಲಿಸುವ ಜಾಗದಲ್ಲಿ 1013. ಮ್ಯಾನೇಜರ್ ಕೋಣೆಗೆ ಬಂದಾಗ ಮ್ಯಾನೇಜರ್ ತಾವೇ ಮುಂದೆ ಬಾಗಿ ನೋಡಿದರು.

"ನನ್ನ ರೂಮಲ್ಲೂ ಇದ್ಯಾ?"

"ನಿಮ್ಮ ರೂಮಲ್ಲೂ ಅಷ್ಟೇ ಇದೆ ಸಾರ್. ಇಡೀ ಕಾರ್ಖಾನೆ ಒಂದೇ ಮಟ್ಟದಲ್ಲಿದೆ. ನನ್ನ ಇಪ್ಪತ್ತು ವರ್ಷದ ಸರ್ವಿಸಲ್ಲಿ ಇಂಥದ್ದು ನೋಡಿಲ್ಲ."

ಸಂಪೂರ್ಣ ನಿರ್ವಾತದಲ್ಲಿ ನಿಂತು ಇಬ್ಬರೂ ದೀರ್ಘವಾಗಿ ಉಸಿರೆಳೆದುಕೊಂಡರು. ಪ್ರಮಾಣಪತ್ರಕ್ಕೆ ಮೊಹರು ಬಿತ್ತು.

ತೊಂದರೆ ಇರಲಿಲ್ಲವೆಂದಲ್ಲ. ಮೋಡ ಕವಿದ ದಿನ ಮೀಟರ್ ಸಾವಿರದ ನಾಲ್ಕಕ್ಕೆ ಇಳಿಯುತ್ತಿತ್ತು. ದಶಾಂಶ ರಿಜಿಸ್ಟರಿನಲ್ಲಿ "ಮೋಡ; ನಿರ್ವಾತ ಸ್ವಲ್ಪ ಸಪ್ಪೆ" ಎಂದು ಬರೆಯುತ್ತಿದ್ದ. ಬಿಸಿಲು ಬರುವ ತನಕ ಬೆಸುಗೆ ನಿಲ್ಲಿಸಬೇಕೆಂದು ಮ್ಯಾನೇಜರ್ ಸುತ್ತೋಲೆ ಹೊರಡಿಸಿದರು. ಕೆಲಸಗಾರರು ಶೆಡ್ಡಿನ ಹೊರಗೆ ಸಾಲಾಗಿ ನಿಂತು ಆಕಾಶ ನೋಡುತ್ತಿದ್ದರು.

ಬೀದಿಯಲ್ಲಿ ದಶಾಂಶನ ಬೆಲೆ ಏರಿತು. ನೆರೆಯವರು ಹಳೆಯ ತೂಕ, ಹೊಸ ತೂಕ, ಚಪ್ಪಲಿಯ ನಂಬರು ಎಲ್ಲವನ್ನೂ ತಂದು ತಿರುಗಿಸಿಕೊಂಡು ಹೋದರು. ಮೇಷ್ಟ್ರು ತಮ್ಮ ಗುಣಾಕಾರದ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು. ಹೆಂಡತಿ ದಾರ ಹಿಡಿದುಕೊಂಡು ಹೋಗಿ ಬಟ್ಟೆ ತಂದು, ನೀಲಿ ಹೂವಿನ ಪರದೆ ಹೊಲಿದು ಮಡಿಸಿಟ್ಟಳು.

ಹೊಸ ತಯಾರಿಯ ಮೊದಲ ಫ್ಲಾಸ್ಕನ್ನು ದಶಾಂಶ ಅತ್ತೆಗೆ ಕೊಟ್ಟ. ಅತ್ತೆ ಬೆಳಿಗ್ಗೆ ಬಿಸಿನೀರು ತುಂಬಿಸಿಟ್ಟರು. ಅರ್ಧ ಗಂಟೆಗೆ ಬೀರುವಿನ ಹಿಂದಿನಿಂದ ವರದಿ ಬಂತು.

"ಅಳಿಯಂದ್ರೇ, ನೀರು ಆಗಲೇ ಆರ್ತಾ ಇದೆ."

"ಬಿರಡೆ ಸರಿಯಾಗಿ ಹಾಕಿಲ್ಲ ಅತ್ತೆ."

"ಹಾಕಿದೀನಿ. ಆದ್ರೆ ಫ್ಲಾಸ್ಕು ಹೊರಗಡೆ ಚೆನ್ನಾಗಿ ಬಿಸಿಯಾಗಿದೆ."

ಆಮೇಲೆ ಬೀರುವಿನ ಹಿಂದಿನಿಂದ ಒಂದು ತೃಪ್ತಿಯ ನಿಟ್ಟುಸಿರು ಬಂತು. ಅತ್ತೆ ಅದನ್ನು ಮಂಡಿಗೆ ಒತ್ತಿಕೊಂಡಿದ್ದರು. ಹನ್ನೆರಡು ವರ್ಷದ ಮಂಡಿನೋವಿಗೆ ಇಷ್ಟು ಹಿತವಾದ ಶಾಖ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಆ ಮೂರು ತಿಂಗಳ ಇಡೀ ಉತ್ಪಾದನೆಯಲ್ಲಿ ಸಂತೋಷಪಟ್ಟ ಗಿರಾಕಿ ಅವರೊಬ್ಬರೇ.

ಉಳಿದವರು ಪತ್ರ ಬರೆದರು. ಒಂದು ಆಸ್ಪತ್ರೆಯಿಂದ, ಗಂಜಿ ತುಂಬಿದ ಕೂಡಲೆ ನಿಮ್ಮ ಫ್ಲಾಸ್ಕನ್ನು ಬರಿಗೈಯಲ್ಲಿ ಹಿಡಿಯಲಾಗುತ್ತಿಲ್ಲ, ಬಡಿಸುವ ಹೊತ್ತಿಗೆ ಒಳಗಿನ ಗಂಜಿ ತಣ್ಣಗಿರುತ್ತದೆ ಎಂದು ದೂರು ಬಂತು. ಉತ್ತರವನ್ನು ಮ್ಯಾನೇಜರ್ ಹೇಳಿದರು, ದಶಾಂಶ ಬರೆದುಕೊಂಡ: "ನಮ್ಮ ಫ್ಲಾಸ್ಕಿನಲ್ಲಿ ಬಿಸಿ ಇರುವುದನ್ನು ತಾವೇ ಒಪ್ಪಿಕೊಂಡಿದ್ದಕ್ಕೆ ವಂದನೆಗಳು. ಅದು ಒಳಗಿರಬೇಕೋ ಹೊರಗಿರಬೇಕೋ ಎಂಬುದು ಬಳಸುವವರ ಜಾಗರೂಕತೆಗೆ ಸೇರಿದ್ದು."

ಕೊನೆಗೆ ಆ ದಿನ ಬಂತು. ಕಾರ್ಖಾನೆಯ ಮಾಲೀಕರು, ಎಲ್ಲರೂ ದೊಡ್ಡ ಸಾಹೇಬರು ಎನ್ನುವವರು, ಸಾಧನೆಯನ್ನು ಕಣ್ಣಾರೆ ನೋಡಲು ಬಂದರು. ಪಂಪಿನ ಶೆಡ್ಡಿನಲ್ಲೇ ವೇದಿಕೆ ಹಾಕಿ ಕುಟುಂಬದವರನ್ನೂ ಕರೆದಿದ್ದರು. ಅತ್ತೆ ಮಂಡಿಯ ನೆಪ ಹೇಳಿ ಮುಂದಿನ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಪರದೆಗಳ ಚೀಲ. ಸಭೆ ಮುಗಿದ ಕೂಡಲೆ ಹೋಗಿ ತಗುಲಿಸಿಬಿಡುವ ಅಂದಾಜು. ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ, ಮುಖ್ಯಸ್ಥರ ಮನೆಯ ಬೀಗದ ಕೈ ಇತ್ತು. ಅದರ ಪಕ್ಕ ಹೊಸ ಫ್ಲಾಸ್ಕು, ಅದರಲ್ಲಿ ಬೆಳಿಗ್ಗೆ ತುಂಬಿಸಿಟ್ಟ ಚಹಾ.

ಮ್ಯಾನೇಜರ್ ಒಂದು ಗಂಟೆ ಮಾತಾಡಿದರು. ಮೇಷ್ಟ್ರು ಚೌಕಟ್ಟಿನ ಹಾಳೆಯನ್ನು ಎತ್ತಿ ತೋರಿಸಿ ಕಾಲು ಗಂಟೆ ಮಾತಾಡಿದರು. ಆಮೇಲೆ ದೊಡ್ಡ ಸಾಹೇಬರು ತಾವೇ ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. ಕುಡಿದವರು ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ಇದು ಯಾವತ್ತಿನ ಚಹಾ?"

"ಇವತ್ತಿನದೇ ಸಾರ್," ಎಂದರು ಮ್ಯಾನೇಜರ್. "ಬೆಳಿಗ್ಗೆ ಎಂಟಕ್ಕೆ ಹಾಕಿದ್ದು."

"ತಣ್ಣಗೆ ಕೊರೀತಾ ಇದೆ."

ಇನ್ಸ್‌ಪೆಕ್ಟರ್ ಎದ್ದು ಪ್ರಮಾಣಪತ್ರ ತೋರಿಸಿದರು. ಮೀಟರ್ ಸರಿ ಇದೆ. ಮೇಷ್ಟ್ರು ಚೌಕಟ್ಟು ತೋರಿಸಿದರು. ಗುಣಾಕಾರ ಸರಿ ಇದೆ. ಮ್ಯಾನೇಜರ್ ರಿಜಿಸ್ಟರ್ ತೆರೆದು ತೋರಿಸಿದರು. ಮೂರು ತಿಂಗಳಲ್ಲಿ ಒಂದೂ ಚಿತ್ತುಕಾಟಿಲ್ಲ.

"ಹಾಗಾದ್ರೆ ಚಹಾ ತಪ್ಪು ಮಾಡಿದೆ ಅಂತೀರಾ?" ಎಂದರು ದೊಡ್ಡ ಸಾಹೇಬರು. "ಪಂಪು ಓಡ್ತಾ ಇದ್ಯಾ?"

ಮ್ಯಾನೇಜರ್ ಎಷ್ಟೋ ವರ್ಷ ಮ್ಯಾನೇಜರ್ ಆಗಿ ಉಳಿದಿದ್ದು ಸುಮ್ಮನೆ ಅಲ್ಲ. ಅವರ ಮುಖದ ಮೇಲೆ ಆಗತಾನೇ ತಿಳಿದವರಂತೆ ಗಾಬರಿ ಮೂಡಿತು.

"ಪಂಪು? ಮೂರು ತಿಂಗಳಿಂದ ನಿಂತಿದೆಯಂತೆ ಸಾರ್. ಮೇಸ್ತ್ರಿ ದಿನಾ ಅದರ ಪಕ್ಕ ಕೂತು ಕಾಲ ಕಳೆದಿದಾನೆ, ಇಡೀ ಶೆಡ್ಡು ನೋಡಿದೆ. ಇವನನ್ನ ಇವತ್ತೇ ಮನೆಗೆ ಕಳಿಸ್ತೀನಿ."

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಅವನು ಪಂಪಿನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ, ಬಾಯೂ ತೆರೆಯಲಿಲ್ಲ. ಆ ವರ್ಷದ ವಾಕ್ಯಗಳಲ್ಲಿ ಒಂದನ್ನಾದರೂ ಇವರ ಮೇಲೆ ಖರ್ಚು ಮಾಡುವ ಮನಸ್ಸು ಅವನಿಗೆ ಇದ್ದಂತಿರಲಿಲ್ಲ.

"ರಿಜಿಸ್ಟರ್ ಬರೆಯೋರು ನೀವು ತಾನೆ?" ಎಂದು ದೊಡ್ಡ ಸಾಹೇಬರು ದಶಾಂಶನನ್ನು ಕೇಳಿದರು. "ಪಂಪು ನಿಲ್ಸಿದ್ದು ಇವನೇನಾ?"

ಮ್ಯಾನೇಜರ್ ದಶಾಂಶನಿಗೆ ಮಾತ್ರ ಕಾಣುವಂತೆ, ಬೀಗದ ಕೈಯನ್ನು ಒಂದು ಬೆರಳಿನಿಂದ ಅವನ ಕಡೆಗೆ ಸ್ವಲ್ಪ ತಳ್ಳಿದರು. ಹೌದು ಎಂದರೆ ಎರಡು ಕೋಣೆ, ಗೋಡೆ, ಬಾಗಿಲು, ಚಿಲಕ. ದಶಾಂಶ ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಬೀರುವಿನ ಅಡ್ಡಿ ಇಲ್ಲದೆ, ಆ ದನಿ ಬಂತು.

"ಅಳಿಯಂದ್ರೇ, ಅವತ್ತು ಕೇಳಿದ್ದಕ್ಕೆ ನೀವು ಉತ್ತರ ಕೊಡಲೇ ಇಲ್ಲ. ಒದ್ದೆ ಕಡೆನೋ, ಒಣ ಕಡೆನೋ?"

ದಶಾಂಶ ಮೀಟರನ್ನು ನೋಡಿದ. 1013. ಪೆಟ್ಟಿಗೆಯ ಬಾಗಿಲು ನೋಡಿದ. ಅದು ತೆರೆದಿತ್ತು, ಒಳಗೆ ಒಂದು ನೊಣ ಹಾರಾಡುತ್ತಿತ್ತು. ಸಂಪೂರ್ಣ ನಿರ್ವಾತದಲ್ಲಿ ನೊಣ ಹಾರುವುದಿಲ್ಲ ಎಂಬುದು ಹದಿನಾಲ್ಕು ವರ್ಷ ಏಕಾಗ್ರತೆಯಿಂದ ಅಂಕಿಗಳನ್ನೇ ನೋಡಿದವನಿಗೆ ಆಗ ಹೊಳೆಯಿತು. ಅವನು ಹೆಂಡತಿಯ ತೊಡೆಯ ಮೇಲಿನ ಚೀಲ ನೋಡಿದ. ಮೇಸ್ತ್ರಿಯ ಕೈ ನೋಡಿದ.

"ನಿಲ್ಸಿದ್ದು ನಾನು ಸಾರ್," ಎಂದ. "ಮೇಸ್ತ್ರಿ ಬೇಡ ಅಂದ್ರು. ನಾನು ಕೇಳಲಿಲ್ಲ."

ಅವನು ಜೀವನದಲ್ಲಿ ದಶಾಂಶವಿಲ್ಲದೆ ಆಡಿದ ಮೊದಲ ಮಾತು ಅದು.

ಪಂಪು ಹಾಕಿ ಎಂದರು ದೊಡ್ಡ ಸಾಹೇಬರು. ಮೇಸ್ತ್ರಿ ಎದ್ದು ಪೆಟ್ಟಿಗೆಯ ಬಾಗಿಲು ಬಿಗಿದ. ಗೊರಗೊರ ಸದ್ದು ಶುರುವಾಯಿತು. ಮೀಟರ್ ಇಳಿಯಿತು. ನೂರು, ಹತ್ತು, ಒಂದು. ಬಹಳ ಹೊತ್ತಿನ ಮೇಲೆ ಸದ್ದು ಬದಲಾಯಿತು. ಟಕ, ಟಕ, ಟಕ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿದ. ಅಲ್ಲಿದ್ದ ಅಷ್ಟೂ ಜನರಲ್ಲಿ ಮೀಟರ್ ನೋಡದಿದ್ದವನು ಅವನೊಬ್ಬನೇ.

ಉಳಿದದ್ದೆಲ್ಲ ನಡೆಯಬೇಕಾದ ರೀತಿಯಲ್ಲೇ ನಡೆಯಿತು. ತನಿಖಾ ಸಮಿತಿಗೆ ಮ್ಯಾನೇಜರ್ ಅಧ್ಯಕ್ಷರಾದರು. ತಮಗೆ ಮೊದಲಿನಿಂದಲೂ ಅನುಮಾನವಿತ್ತೆಂದು ತಮ್ಮ ವರದಿಯಲ್ಲಿ ತಾವೇ ಬರೆದುಕೊಂಡರು. ಇನ್ಸ್‌ಪೆಕ್ಟರ್ ಬಂದು ಹಳೆಯ ಪ್ರಮಾಣಪತ್ರ ವಾಪಸು ತೆಗೆದುಕೊಂಡು, ಅದೇ ಮೊಹರು ಒತ್ತಿದ ಹೊಸದನ್ನು ಕೊಟ್ಟರು. ಮೇಷ್ಟ್ರ ಗೋಡೆಯ ಮೇಲೆ ಚೌಕಟ್ಟು ಇನ್ನೂ ಇದೆ. ಗುಣಾಕಾರದಲ್ಲಿ ತಪ್ಪಿದ್ದರೆ ತೋರಿಸಿ ಎನ್ನುತ್ತಾರೆ, ಯಾರಿಂದಲೂ ಆಗಿಲ್ಲ. ಮುಖ್ಯಸ್ಥರ ಕುರ್ಚಿ ಮೇಸ್ತ್ರಿಗೆ ಸಿಕ್ಕಿತು. ಅವನು ಕುರ್ಚಿಯನ್ನು ಪಂಪಿನ ಪಕ್ಕಕ್ಕೆ ಎಳೆದುಕೊಂಡ. ಮನೆ ಬೇಡವೆಂದ, ಅಲ್ಲಿಗೆ ಪಂಪಿನ ಸದ್ದು ಕೇಳುವುದಿಲ್ಲ ಎಂಬುದು ಅವನು ಕೊಟ್ಟ ಒಂದೇ ಕಾರಣ. ಮುಖ್ಯಸ್ಥರ ಮನೆಯನ್ನು ಬೇರೆಯವರಿಗೆ ಕೊಡಲು ನಿಯಮವಿಲ್ಲದ್ದರಿಂದ ಅದಕ್ಕೆ ಬೀಗ ಬಿತ್ತು. ಕಾರ್ಖಾನೆಯ ಆಸ್ತಿಯಲ್ಲಿ ಅಷ್ಟು ಸಂಪೂರ್ಣವಾಗಿ ಖಾಲಿ ಇರುವುದು ಇವತ್ತಿಗೂ ಅದೊಂದೇ.

ದಶಾಂಶನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಹಳೆಯ ಕೆಲಸ ಉಳಿಯಿತು. ಈಗ ಗಂಟೆಗೊಮ್ಮೆ ಅವನು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ನಾಲ್ಕು ಎಂದು ಬರೆಯುತ್ತಾನೆ. ಹದಿನಾಲ್ಕು ವರ್ಷ ಹಾತೊರೆದ ಬಿಂದು ಕೊನೆಗೂ ಸಿಕ್ಕಿತು. ಆದರೆ ಬರೆಯುವ ಮೊದಲು ಒಂದು ನಿಮಿಷ ಪೆನ್ನು ಎತ್ತಿ ಹಿಡಿದು ಟಕಟಕ ಕೇಳಿಸಿಕೊಳ್ಳುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಬೀರುವನ್ನು ಗೋಡೆಗೆ ಸರಿಸಿ, ಕೋಣೆಯ ನಡುವೆ ಹಗ್ಗ ಕಟ್ಟಿ, ನೀಲಿ ಹೂವಿನ ಪರದೆ ಇಳಿಬಿಟ್ಟಳು. ಕಿಟಕಿಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಲಿದ ಪರದೆ. ಆದ್ದರಿಂದಲೇ ನೆಲಕ್ಕೆ ಎರಡು ಮೊಳ ಗಿಡ್ಡ. ಅದರ ಕೆಳಗೆ ಅತ್ತೆಯ ಪಾದಗಳು, ಮಂಡಿಗಳು, ಮಂಡಿಗೆ ಒತ್ತಿಕೊಂಡ ಫ್ಲಾಸ್ಕು ಎಲ್ಲವೂ ಕಾಣುತ್ತಿದ್ದವು.

ದಶಾಂಶ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ.

"ಕುರ್ಚಿ ಹೋಯ್ತು," ಎಂದ ಮೆಲ್ಲಗೆ. "ಮನೆ ಹೋಯ್ತು. ಬೀದಿಯಲ್ಲಿ ಮರ್ಯಾದೆ ಹೋಯ್ತು."

"ಹೋಗಿದ್ದನ್ನ ಎಣಿಸೋ ಮೀಟರು ಮುರಿದು ಬಿತ್ತಲ್ಲ, ಬಿಡಿ," ಎಂದಳು ಹೆಂಡತಿ ಪರದೆಯ ಸುಕ್ಕು ಸರಿಮಾಡುತ್ತ, ದನಿ ತೀರಾ ತಗ್ಗಿಸಿ, ಅವನಿಗೆ ಮಾತ್ರ ಕೇಳುವ ಹಾಗೆ. "ಇನ್ನು ಉಳಿದಿದ್ದು ಎಷ್ಟು ಅಂತ ಎಣಿಸಿ."

ಅವನು ಎಣಿಸಲು ಕುಳಿತ. ಬೆರಳು ಮಡಿಸುವ ಮೊದಲೇ ಪರದೆಯ ಆಚೆಯಿಂದ ಉತ್ತರ ಬಂತು.

"ನಾನಿದೀನಿ."